ಮೈದಾನದ ಅಂಚಿನ ಮಸೂರಗಳು

ಮಸೂರ ಬದಲಾಯಿಸಬಹುದಾದ ಕ್ಯಾಮರಾ ಕೊಳ್ಳಬೇಕೆನ್ನುವ ಮಿತ್ರರು ನಮ್ಮ ಸಂಘದಲ್ಲಿ ಈಚೆಗೆ ಹೆಚ್ಚುತ್ತಿದ್ದಾರೆ. ಮಕ್ಕಳು ಶಾಲೆಯ ತಂಡದಲ್ಲಿ ಆಡುತ್ತಾರೆ. ಆಟದ ಫೋಟೋವೂ ಬೇಕು, ವಿಡಿಯೋವೂ ಬೇಕು. ಬೆಲೆಯೋ, ನಮ್ಮಂಥ ಗುಮಾಸ್ತರ ಎರಡು ಮೂರು ತಿಂಗಳ ಸಂಬಳ. "ಯಾವ ಕಂಪನಿಯದು ಒಳ್ಳೆಯದು?" ಎಂಬುದೇ ಎಲ್ಲರ ಮೊದಲ ಪ್ರಶ್ನೆ. ಈ ಯಂತ್ರಗಳು ನಡೆದು ಬಂದ ದಾರಿಯನ್ನು ನೋಡಿದರೆ ಅದು ಕಟ್ಟಕಡೆಗೆ ಕೇಳಬೇಕಾದ ಪ್ರಶ್ನೆ ಎಂದು ನನಗೆ ತೋರುತ್ತದೆ.

1936ರ ಬರ್ಲಿನ್ ಒಲಿಂಪಿಕ್ಸಿಗೆಂದು ಜರ್ಮನಿಯ ಝೈಸ್ ಸಂಸ್ಥೆ 180 ಮಿ.ಮೀ. ಮಸೂರವೊಂದನ್ನು ತಯಾರಿಸಿತು. ಅದರ ಅಪರ್ಚರ್ ಎಫ್ 2.8. 'ಒಲಿಂಪಿಯಾ ಸೊನ್ನಾರ್' ಎಂದೇ ಅದು ಹೆಸರಾಯಿತು. ದೂರದ ಓಟಗಾರನನ್ನು ಹತ್ತಿರಕ್ಕೆ ತರಬೇಕು, ಹೆಚ್ಚು ಬೆಳಕನ್ನೂ ಒಳಗೆ ಬಿಡಬೇಕು: ಕ್ರೀಡಾ ಛಾಯಾಗ್ರಹಣದ ಮೂಲಸೂತ್ರವೆಲ್ಲ ಇಷ್ಟೇ. ಮುಂದಿನದು ಜಪಾನಿನ ಕಾಲ. 1959ರಲ್ಲಿ ಬಂದ ನಿಕಾನ್ ಎಫ್ ಕ್ಯಾಮರಾಕ್ಕೆ ಮೋಟಾರು ಜೋಡಿಸಿದರೆ ಸೆಕೆಂಡಿಗೆ ಮೂರು ನಾಲ್ಕು ಚಿತ್ರ ತೆಗೆಯಬಹುದಾಗಿತ್ತು. ಆದರೆ ರೋಲಿನಲ್ಲಿದ್ದುದು 36 ಚಿತ್ರ! ಬೆರಳನ್ನು ಬಿಗಿಹಿಡಿದರೆ ಹತ್ತು ಹನ್ನೆರಡು ಸೆಕೆಂಡಿನಲ್ಲಿ ರೋಲು ಖಾಲಿ.

ಕ್ಯಾಮರಾಕ್ಕಿಂತ ಮಸೂರದ ಬಾಳಿಕೆ ದೊಡ್ಡದು. ಆದಕಾರಣ ಮಸೂರವನ್ನು ಕೂಡಿಸುವ ಬಾಯಿ, ಅಂದರೆ ಮೌಂಟು, ಬದಲಾದಾಗಲೆಲ್ಲ ಬಳಸುವವರಿಗೆ ಸಂಕಟ. 1987ರಲ್ಲಿ ಕ್ಯಾನನ್ ಸಂಸ್ಥೆ ಫೋಕಸ್ ಮಾಡುವ ಮೋಟಾರನ್ನು ಮಸೂರದೊಳಗೇ ಇಟ್ಟು, ಹಳೆಯ ಮೌಂಟನ್ನು ಪೂರ್ತಿಯಾಗಿ ಕೈಬಿಟ್ಟಿತು. ಹಳೆಯ ಮಸೂರ ಕೊಂಡಿದ್ದವರು ಗೊಣಗಿದರು. ಆದರೆ ಮುಂದಿನ ಹತ್ತು ವರ್ಷಗಳಲ್ಲಿ ಮೈದಾನದ ಅಂಚಿನ ತುಂಬ ಅವರ ಬಿಳಿ ಮಸೂರಗಳೇ ಕಾಣತೊಡಗಿದವು. 2018ರಲ್ಲಿ ಎರಡು ಸಂಸ್ಥೆಗಳೂ ಕನ್ನಡಿಯಿಲ್ಲದ ಕ್ಯಾಮರಾಗಳಿಗಾಗಿ ಮತ್ತೆ ಹೊಸ ಮೌಂಟು ತಂದವು. ಈ ಸಲ ಹಳೆಯ ಮಸೂರಗಳಿಗೆ ಅಡಾಪ್ಟರನ್ನೂ ಕೊಟ್ಟದ್ದು ಪುಣ್ಯ.

ಇನ್ನು ಫೋಟೋ, ವಿಡಿಯೋಗಳ ಮಾತು. ಟೆಸ್ಟ್ ಕ್ರಿಕೆಟ್ಟಿನಲ್ಲಿ ಟೈ ಆದದ್ದು ಎರಡೇ ಸಲ. 1960ರ ಡಿಸೆಂಬರಿನಲ್ಲಿ ಬ್ರಿಸ್ಬೇನಿನಲ್ಲಿ ಜೋ ಸಾಲೊಮನ್ ಎಸೆದ ಚೆಂಡು ವಿಕೆಟ್ಟಿಗೆ ಬಡಿದ ಕ್ಷಣವನ್ನು 'ದಿ ಏಜ್' ಪತ್ರಿಕೆಯ ರಾನ್ ಲೊವಿಟ್ ಹಿಡಿದರು. ಆ ಒಂದು ಚಿತ್ರವನ್ನು ನೋಡಿದರೆ ಸಾಕು, ಏನಾಯಿತೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಎರಡನೆಯದು ನಮ್ಮ ಚೆಪಾಕಿನದು, 1986ರ ಸೆಪ್ಟೆಂಬರ್ 22. ಇನ್ನೊಂದೇ ಚೆಂಡು ಉಳಿದಿರುವಾಗ ಗ್ರೆಗ್ ಮ್ಯಾಥ್ಯೂಸರ ಎಸೆತಕ್ಕೆ ಮಣಿಂದರ್ ಸಿಂಗ್ ಎಲ್‌ಬಿಡಬ್ಲ್ಯು ಎಂದು ಬೆರಳೆತ್ತಿದವರು ಕರ್ನಾಟಕದ ಅಂಪೈರ್ ವಿ. ವಿಕ್ರಮರಾಜು. ಚೆಂಡು ಬ್ಯಾಟಿಗೆ ತಗಲಿತ್ತೆಂದು ಮಣಿಂದರ್ ವಾದಿಸಿದರು. ವಿಕ್ರಮರಾಜು ತಮ್ಮ ತೀರ್ಪಿನಿಂದ ಕದಲಲಿಲ್ಲ. ಆಮೇಲೆ ಅವರಿಗೆ ಟೆಸ್ಟ್ ಪಂದ್ಯ ಸಿಗಲೂ ಇಲ್ಲ. ಬೌಂಡರಿಯ ಪಕ್ಕದಲ್ಲಿ ಕುಳಿತು ತೆಗೆದ ಸ್ಥಿರಚಿತ್ರ ಎಷ್ಟೇ ಚೊಕ್ಕವಾಗಿದ್ದರೂ ಎತ್ತಿದ ಬೆರಳನ್ನು ತೋರಿಸೀತೇ ಹೊರತು ಚೆಂಡಿನ ದಾರಿಯನ್ನು ತೋರಿಸದು. ಅದಕ್ಕೆ ಬೌಲರನ ಬೆನ್ನ ಹಿಂದಿನ ಚಲಚ್ಚಿತ್ರವೇ ಬೇಕು.

ಆಗ ಈ ಎರಡು ಕೆಲಸಕ್ಕೂ ಬೇರೆ ಬೇರೆ ಯಂತ್ರ, ಬೇರೆ ಬೇರೆ ಮಂದಿ. 2008ರಲ್ಲಿ ನಿಕಾನ್ ಡಿ90, ಅದರ ಬೆನ್ನಿಗೇ ಕ್ಯಾನನ್ 5ಡಿ ಮಾರ್ಕ್ 2 ಬಂದು ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟವು. ಪೆಟ್ಟಿಗೆ ಒಂದಾದರೂ ಸ್ವಭಾವ ಒಂದಾಗಲಿಲ್ಲ. ಓಟಗಾರನನ್ನು ಫೋಟೋದಲ್ಲಿ ನಿಲ್ಲಿಸಲು ಸೆಕೆಂಡಿನ ಸಾವಿರದಲ್ಲೊಂದು ಭಾಗದ ಶಟರ್ ಬೇಕು. ವಿಡಿಯೋ ಸಹಜವಾಗಿ ಹರಿಯಲು ಐವತ್ತರಲ್ಲೊಂದು ಭಾಗ ಸಾಕು. ಹೀಗಾಗಿ ವಿಡಿಯೋದಿಂದ ಕತ್ತರಿಸಿ ತೆಗೆದ ಫೋಟೋದಲ್ಲಿ ಕೈಕಾಲು ಮಸುಕು. ಮೇಲಾಗಿ ಸೆನ್ಸರು ಸಾಲುಸಾಲಾಗಿ ಓದುವುದರಿಂದ ಬೀಸಿದ ಬ್ಯಾಟು ಬಾಗಿದಂತೆ ಕಾಣುತ್ತಿತ್ತು. ಇಡೀ ಚಿತ್ರವನ್ನು ಒಂದೇ ಸಲಕ್ಕೆ ಹಿಡಿಯುವ ಸೋನಿ ಎ9-3 ಪ್ರಕಟವಾದದ್ದು 2023ರಲ್ಲಿ. ಅದರ ಬೆಲೆ ನಮಗೆ ಎಟುಕುವಂಥದಲ್ಲ. ಅನೇಕ ಕ್ಯಾಮರಾಗಳು ಅರ್ಧ ಗಂಟೆಗೆ ಒಂದು ಸೆಕೆಂಡ್ ಮೊದಲೇ ವಿಡಿಯೋ ನಿಲ್ಲಿಸುತ್ತಿದ್ದುದಕ್ಕೆ ಕಾರಣ ಗೊತ್ತೆ? ಅರ್ಧ ಗಂಟೆ ಮೀರಿದರೆ ಯುರೋಪಿನ ಸುಂಕದವರು ಅದನ್ನು ವಿಡಿಯೋ ಕ್ಯಾಮರಾ ಎಂದು ಎಣಿಸಿ ಹೆಚ್ಚು ಸುಂಕ ಹಾಕುತ್ತಿದ್ದರು. ಕಡತದ ಮಹಿಮೆ ನಮ್ಮ ಕಚೇರಿಗಳಲ್ಲಿ ಮಾತ್ರವಲ್ಲ! ಈಚಿನ ಕ್ಯಾಮರಾಗಳಲ್ಲಿ ಆ ಮಿತಿ ಬಹುಮಟ್ಟಿಗೆ ಇಲ್ಲ. ಆದರೆ ಮದರಾಸಿನ ಮೇ ತಿಂಗಳ ಬಿಸಿಲಿಗೆ ಕಾದು ತಾನಾಗಿಯೇ ನಿಲ್ಲುವುದುಂಟು.

ಕ್ರೋಂಪೇಟೆಯಲ್ಲಿ ನಮ್ಮ ನೆರೆಯವರ ಮಗಳು ವಾಲಿಬಾಲ್ ಆಡುತ್ತಾಳೆ, ಹೆಚ್ಚಾಗಿ ಒಳಾಂಗಣದ ದೀಪದ ಬೆಳಕಿನಲ್ಲಿ. ಅಂಗಡಿಯವರು ಹೊಸ ಕ್ಯಾಮರಾದೊಡನೆ ಸಾಮಾನ್ಯ ಜೂಮ್ ಮಸೂರ ತೋರಿಸಿದರು. ಪೂರ್ತಿ ಚಾಚಿದಾಗ ಅದರ ಅಪರ್ಚರ್ ಎಫ್ 5.6. ನೆರೆಯವರು ನನ್ನನ್ನು ಕೇಳಿದಾಗ, ಹಳೆಯ ಮಾದರಿಯ ಕ್ಯಾಮರಾ ಸಾಕು, ಉಳಿದ ಹಣಕ್ಕೆ 85 ಮಿ.ಮೀ. ಎಫ್ 1.8 ಮಸೂರ ಕೊಳ್ಳಿ ಎಂದೆ. ಅದು ಸುಮಾರು ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಜೂಮ್ ಇಲ್ಲದ್ದಕ್ಕೆ ಅವರ ಮನೆಯಾಕೆಗೆ ಸ್ವಲ್ಪ ಬೇಸರವಾಯಿತು. ಮೊದಲ ಎರಡು ಸೆಟ್ ಟ್ರೈಪಾಡಿನ ಮೇಲಿಟ್ಟು ವಿಡಿಯೋ, ಮೂರನೆಯದಕ್ಕೆ ಕೈಯಲ್ಲಿ ಹಿಡಿದು ಫೋಟೋ ಎಂದು ಈಗ ಮನೆಯಲ್ಲಿ ಒಪ್ಪಂದವಾಗಿದೆ.