ಕುಳ್ಳ ನಾಯಿಗೂ ಬೆಲೆ

ಶ್ವಾನ ಪ್ರದರ್ಶನಗಳಲ್ಲಿ ಮೊದಲು ನೋಡುವುದು ಕುಲ. ಜಾತಿ ನಾಯಿಗಷ್ಟೇ ಅಲ್ಲಿ ಮನ್ನಣೆ; ಕಂತ್ರಿ ನಾಯಿ ಬೇಲಿಯಾಚೆಗೇ ನಿಲ್ಲಬೇಕು. ಈ ಕಟ್ಟಳೆಯನ್ನು ಲೆಕ್ಕಿಸದ ಆಟವೊಂದು 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ರೂಪುಗೊಂಡಿತು. ಅದೇ ‘ಫ್ಲೈಬಾಲ್’, ಅಂದರೆ ನಾಯಿಗಳ ರಿಲೇ ಓಟ.

ಎರಡು ತಂಡಗಳು ಅಕ್ಕಪಕ್ಕದಲ್ಲಿ ಓಡುತ್ತವೆ. ತಂಡಕ್ಕೆ ನಾಲ್ಕು ನಾಯಿಗಳು. ಆರಂಭದ ಗೆರೆಯಿಂದ 51 ಅಡಿ ದೂರದಲ್ಲಿ ಒಂದು ಪೆಟ್ಟಿಗೆ, ನಡುವೆ ನಾಲ್ಕು ತಡೆಹಲಗೆಗಳು. ನಾಯಿ ಅವನ್ನು ಹಾರಿಹೋಗಿ ಪೆಟ್ಟಿಗೆಯ ಮುಖವನ್ನು ಕಾಲಿನಿಂದ ಒತ್ತಿದರೆ ಚೆಂಡು ಚಿಮ್ಮುತ್ತದೆ. ಅದನ್ನು ಕಚ್ಚಿಕೊಂಡು, ಮತ್ತೆ ನಾಲ್ಕೂ ತಡೆಗಳನ್ನು ಹಾರಿ ಮರಳಿದ ಮೇಲಷ್ಟೇ ಮುಂದಿನ ನಾಯಿ ಗೆರೆ ದಾಟಬಹುದು.

1984ರಲ್ಲಿ ಅಮೆರಿಕದ ಮಿಷಿಗನ್ ಹಾಗೂ ಕೆನಡದ ಒಂಟಾರಿಯೊದ ಹನ್ನೆರಡು ತಂಡಗಳು ಸೇರಿ ಉತ್ತರ ಅಮೆರಿಕ ಫ್ಲೈಬಾಲ್ ಸಂಘವನ್ನು ಕಟ್ಟಿದವು. ಅದರ ಸ್ಪರ್ಧೆಗಳಲ್ಲಿ ಹೆಚ್ಚುಕಡಿಮೆ ಒಂದೇ ವೇಗದ ತಂಡಗಳನ್ನು ಒಂದು ವಿಭಾಗಕ್ಕೆ ಸೇರಿಸುತ್ತಾರೆ. ಕುಲದ ಪ್ರಶ್ನೆಯೇ ಇಲ್ಲ.

ಇನ್ನೊಂದು ನಿಯಮ ಸ್ವಾರಸ್ಯಕರ. ತಡೆಯ ಎತ್ತರವನ್ನು ಗೊತ್ತುಮಾಡುವುದು ತಂಡದ ಅತಿ ಚಿಕ್ಕ ನಾಯಿಯ ಅಳತೆ. ಅದು ಕುಳ್ಳಾದಷ್ಟೂ ದೊಡ್ಡ ನಾಯಿಗಳಿಗೆ ಹಾರುವುದು ಸಲೀಸು. ಹೀಗಾಗಿ ಗೆಲ್ಲಬೇಕೆನ್ನುವ ತಂಡ ಚುರುಕಾದ ಪುಟ್ಟ ನಾಯಿಯನ್ನು ಹುಡುಕಿಕೊಂಡು ಹೋಗುತ್ತದೆ. ಆದರೆ ಅದು ದಾರಿಯಲ್ಲಿ ಚೆಂಡು ಬಿಟ್ಟರೆ, ಉಳಿದವು ಓಡಿ ಮುಗಿಸಿದ ಮೇಲೆ ಮತ್ತೊಮ್ಮೆ ಓಡಲೇಬೇಕು. ಗೆಲುವು ಬಹುಮಟ್ಟಿಗೆ ಕೈತಪ್ಪಿದಂತೆಯೇ.