ಹಿತ್ತಾಳೆಯ ಒಳಗುಟ್ಟು

ಮಲೆನಾಡು, ಕೊಡಗಿನ ಕಡೆ ಕೋವಿಯಲ್ಲಿ ಎರಡು ಜಾತಿ. ಒಂದು ಕೇಪಿನ ಕೋವಿ, ಇನ್ನೊಂದು ತೋಟೆ ಕೋವಿ. ಕೇಪಿನ ಕೋವಿಗೆ ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡು ಹಾಕಿ, ಕಡ್ಡಿಯಿಂದ ಜಡಿದು, ಹಿಂದುಗಡೆ ಕೇಪು ಸಿಕ್ಕಿಸಬೇಕು. ತೋಟೆಯಲ್ಲಿ ಮದ್ದು, ಗುಂಡು, ಕೇಪು ಮೂರೂ ಒಂದೇ ಕೊಳವೆಯಲ್ಲಿ ಮೊದಲೇ ಕೂತಿರುತ್ತವೆ. ರೈಫಲ್ ತೋಟೆಯಲ್ಲಿ ಆ ಕೊಳವೆ ಸಾಮಾನ್ಯವಾಗಿ ಹಿತ್ತಾಳೆಯದು. ಈಡು ಹಾರಿದ ಮೇಲೆ ಮದ್ದು ಉರಿದುಹೋಗುತ್ತೆ, ಗುಂಡು ಹೊರಟುಹೋಗುತ್ತೆ, ಕೇಪು ಸತ್ತಂತೆ. ಕೊಳವೆ ಮಾತ್ರ ಉಳಿಯುತ್ತೆ. ಅದನ್ನು ಬಿಸಾಡುವ ಬದಲು ಹೊಸ ಕೇಪು, ಹೊಸ ಮದ್ದು, ಹೊಸ ಗುಂಡು ಹಾಕಿ ಮತ್ತೆ ಬಳಸುವ ಕಸುಬೊಂದು ಹುಟ್ಟಿಕೊಂಡಿತು. ಅಮೆರಿಕದಲ್ಲಂತೂ ಅದು ದೊಡ್ಡ ಹವ್ಯಾಸ.

ಈ ಹವ್ಯಾಸಿಗಳ ನಡುವೆ ಮುಗಿಯದ ಚರ್ಚೆಯೊಂದಿದೆ: ಯಾವ ಕಂಪನಿಯ ಹಿತ್ತಾಳೆ ಒಳ್ಳೆಯದು? ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು. ಇಷ್ಟೇ ತಾನೆ, ಕಂಪನಿ ಯಾವುದಾದರೇನು ಅನ್ನಿಸಬಹುದು. ಆದರೆ ಈ ಕೊಳವೆಯ ಇತಿಹಾಸ ನೋಡಿದರೆ, ಅದು ಕಷ್ಟ ಕೊಟ್ಟಾಗಲೆಲ್ಲ ಕಾರಣ ಇದ್ದದ್ದು ಹೊರಗಣ್ಣಿಗೆ ಕಾಣದ ಜಾಗದಲ್ಲೇ.

1857ರಲ್ಲಿ ಸಿಪಾಯಿಗಳನ್ನು ಕೆರಳಿಸಿದ ಎನ್‌ಫೀಲ್ಡ್ ತೋಟೆ ಕಾಗದದ್ದು. ಹಲ್ಲಿನಿಂದ ಕಚ್ಚಿ ಹರಿದು ಮದ್ದು ಸುರಿಯಬೇಕಿತ್ತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಲೋಹದ ಕಾಲ ಬಂತು. 1866ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಬಾಕ್ಸರ್ ತೆಳು ಹಿತ್ತಾಳೆ ತಗಡನ್ನು ಸುರುಳಿ ಸುತ್ತಿ ತೋಟೆ ಮಾಡಿದ. ಅದೇ ವರ್ಷ ಅಮೆರಿಕದ ಹಿರಮ್ ಬರ್ಡನ್ ತನ್ನದೇ ಬಗೆಯ ಕೇಪಿಗೆ ಪೇಟೆಂಟ್ ಪಡೆದ. ಕೇಪಿನ ಮದ್ದು ಹೊತ್ತಬೇಕಾದರೆ ಅದನ್ನು ಯಾವುದಾದರೂ ಗಟ್ಟಿ ವಸ್ತುವಿಗೆ ಒತ್ತಿ ಜಜ್ಜಬೇಕು, ಪುಟ್ಟ ಅಡಿಗಲ್ಲಿನ ಹಾಗೆ. ಬಾಕ್ಸರ್ ಅದನ್ನು ಕೇಪಿನೊಳಗೇ ಇಟ್ಟ. ಕಿಡಿ ದಾಟಲು ಕೊಳವೆಯ ತಳದ ನಡುವೆ ಒಂದೇ ತೂತು ಸಾಕಾಯಿತು. ಬರ್ಡನ್ ಅದನ್ನು ಕೊಳವೆಯ ತಳದಲ್ಲೇ ಉಬ್ಬಿಸಿದ. ಹಾಗಾಗಿ ತೂತುಗಳು ಪಕ್ಕಕ್ಕೆ ಸರಿದವು, ಸಾಮಾನ್ಯವಾಗಿ ಎರಡು.

ಮರುತುಂಬುವವನಿಗೆ ಇದು ಅಳಿವು ಉಳಿವಿನ ವ್ಯತ್ಯಾಸ. ಬಾಕ್ಸರ್ ಕೊಳವೆಯಾದರೆ ಮೇಲಿನಿಂದ ಒಂದು ಸೂಜಿ ತೂರಿಸಿ ಒತ್ತಿದರೆ ಹಳೇ ಕೇಪು ಕಳಚಿ ಬೀಳುತ್ತೆ. ಬರ್ಡನ್‌ನದ್ದಾದರೆ ಸೂಜಿ ಅಡಿಗಲ್ಲಿಗೆ ಹೋಗಿ ತಾಗುತ್ತೆ, ಅಷ್ಟೇ. ತಮಾಷೆ ಅಂದರೆ, ಇಂಗ್ಲಿಷರವನ ಕೇಪು ಅಮೆರಿಕದ ಪದ್ಧತಿಯಾಯಿತು, ಅಮೆರಿಕದವನದ್ದು ಯುರೋಪಿನ ಸೇನೆಗಳಲ್ಲಿ ನೆಲೆಯಾಯಿತು. ಅಮೆರಿಕದಲ್ಲಿ ಈ ಕಸುಬು ಮನೆಮಾತಾಗಲು ಅದೂ ಒಂದು ಕಾರಣ. ಎರಡೂ ಕೊಳವೆ ಹೊರಗಿನಿಂದ ನೋಡಿದರೆ ಒಂದೇ ಥರ. ಬಾಯೊಳಗೆ ಇಣುಕಿ ತೂತು ಎಣಿಸಿದರಷ್ಟೇ ಗೊತ್ತಾಗುವುದು.

ಲೋಹ ಸರಿಯಿಲ್ಲದಿದ್ದರೆ ಏನಾಗುತ್ತೆ ಅನ್ನುವುದನ್ನು ಸೈನಿಕರು ಜೀವ ಕೊಟ್ಟು ಕಲಿತರು. ಹಿತ್ತಾಳೆ ಕೊಳವೆ ಈಡಿನ ಒತ್ತಡಕ್ಕೆ ಉಬ್ಬಿ, ನಳಿಗೆಯ ಗೋಡೆಗೆ ಅಂಟಿ, ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯುತ್ತೆ. ಮರುಗಳಿಗೆಯಲ್ಲಿ ಸ್ವಲ್ಪ ಕುಗ್ಗಿ ಗೋಡೆ ಬಿಡುತ್ತೆ. ತಾಮ್ರ ಮೆದು; ಉಬ್ಬುತ್ತೆ, ಆದರೆ ಅಷ್ಟು ಚೆನ್ನಾಗಿ ಕುಗ್ಗಲ್ಲ. 1876ರಲ್ಲಿ ಲಿಟಲ್ ಬಿಗ್‌ಹಾರ್ನ್ ಕಾಳಗದಲ್ಲಿ ಕಸ್ಟರ್‌ನ ಸೈನಿಕರ ಕೈಯಲ್ಲಿದ್ದದ್ದು ತಾಮ್ರದ ತೋಟೆ. ಅದು ನಳಿಗೆಯಲ್ಲೇ ಸಿಕ್ಕಿಕೊಂಡಿತು ಅನ್ನುವ ದೂರು ಆಗಲೇ ಬಂತು. ಆದರೆ 1984ರಿಂದ ಅಲ್ಲಿ ನಡೆದ ಉತ್ಖನನದಲ್ಲಿ ಕಿತ್ತು ತೆಗೆದ ಗೀರುಗಳಿದ್ದ ತೋಟೆಗಳು ಸಿಕ್ಕಿದ್ದು ಕೆಲವೇ. ಸೋಲಿನ ಹೊಣೆಯನ್ನೆಲ್ಲ ತಾಮ್ರದ ಮೇಲೆ ಹೊರಿಸುವಂತಿಲ್ಲ. 1885ರ ಜನವರಿಯಲ್ಲಿ ಸುಡಾನಿನ ಅಬು ಕ್ಲಿಯದಲ್ಲಿ ಬ್ರಿಟಿಷರ ಮಾರ್ಟಿನಿ-ಹೆನ್ರಿ ಕೋವಿಗಳೂ ಸಿಕ್ಕಿಕೊಂಡವು. ಅಲ್ಲಿದ್ದದ್ದು ಸುರುಳಿ ಸುತ್ತಿದ ತೆಳು ಹಿತ್ತಾಳೆ. ಬಿಸಿಲು, ಮರಳು ಸೇರಿದಾಗ ಅದು ತಡೆಯಲಿಲ್ಲ. ಆಮೇಲೆ ಸುರುಳಿ ಹೋಗಿ, ಒಂದೇ ಬಿಲ್ಲೆಯನ್ನು ಹಂತ ಹಂತವಾಗಿ ಎಳೆದು ಮಾಡಿದ ಗಟ್ಟಿ ಕೊಳವೆ ಬಂತು. ಅಮೆರಿಕದ ಸೇನೆಯೂ 1880ರ ದಶಕದ ಕೊನೆಗೆ ತಾಮ್ರ ಬಿಟ್ಟು ಹಿತ್ತಾಳೆಗೆ ಬಂತು. ಅದೇ ದಶಕದಲ್ಲಿ ಅದು ತುಕಡಿಗಳಿಗೆ ಉಪಕರಣ ಕೊಟ್ಟು, ಗುರಿ ಅಭ್ಯಾಸದ ತೋಟೆಗಳನ್ನು ಅವರಿಂದಲೇ ಮರುತುಂಬಿಸುತ್ತಿತ್ತು.

ಎಳೆದ ಹಿತ್ತಾಳೆಯ ಗುಟ್ಟು ರಟ್ಟಾಗಿದ್ದು ನಮ್ಮ ದೇಶದ ಮಳೆಗಾಲದಿಂದ. ಬ್ರಿಟಿಷ್ ಸೇನೆ ಇಲ್ಲಿ ಕೂಡಿಟ್ಟ ತೋಟೆಗಳು ಮಳೆಗಾಲ ಬಂದರೆ ಯಾರೂ ಮುಟ್ಟದೆಯೇ ಸೀಳುತ್ತಿದ್ದವು. ಋತುವಿಗೆ ತಕ್ಕಂತೆ ಬರುವ ಬಿರುಕು ಅಂತಲೇ ಅದಕ್ಕೆ ಹೆಸರು ಬಿತ್ತು. ಕಾರಣವನ್ನು ಬಿಡಿಸಿ ಹೇಳಿದ್ದು 1921ರಲ್ಲಿ, ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್‌ಸನ್ ಎಂಬ ಮೂವರು. ಕಾಯಿಸದೆ ಎಳೆದ ಹಿತ್ತಾಳೆಯ ಒಳಗೆ ಬಿಗಿತ ಉಳಿದುಬಿಡುತ್ತೆ. ಲಾಯದಲ್ಲಿ ಕುದುರೆ ಗಂಜಲದಿಂದ ಏಳುವ ಅಮೋನಿಯಾ, ಜೊತೆಗೆ ಮಳೆಗಾಲದ ತೇವ. ಬಿಗಿತವೂ ಅಮೋನಿಯಾವೂ ಕೂಡಿದರೆ ಬಿರುಕು. ಮದ್ದೂ ಅವರೇ ಹೇಳಿದರು: ಹದವಾಗಿ ಕಾಯಿಸಿದರೆ ಬಿಗಿತ ಇಳಿಯುತ್ತೆ. ಇವತ್ತೂ ಸೇನೆಯ ತೋಟೆಗಳ ಕತ್ತಿನ ಬಳಿ ನೀಲಿ-ಕಂದು ಛಾಯೆ ಕಾಣುತ್ತದಲ್ಲ, ಅದು ಕೊಳೆಯಲ್ಲ, ಕತ್ತನ್ನು ಕಾಯಿಸಿದ ಗುರುತು. ಮರುತುಂಬುವಾಗ ಕತ್ತು ಪ್ರತಿ ಸಲವೂ ಹಿಗ್ಗಿ ಕುಗ್ಗಿ ಗಡುಸಾಗುತ್ತಾ ಹೋಗುತ್ತೆ. ಕಾಯಿಸದಿದ್ದರೆ ಒಂದು ದಿನ ಸೀಳುತ್ತೆ.

ಕೇಪಿನದ್ದೂ ಒಂದು ಕಥೆ. ಹಳೇ ಕೇಪುಗಳಲ್ಲಿ ಪಾದರಸದ ಸಂಯುಕ್ತ ಇರುತ್ತಿತ್ತು. ಕರಿಮದ್ದಿನ ಕಾಲದಲ್ಲಿ ಮಸಿಯೇ ಅಷ್ಟಿರುತ್ತಿದ್ದರಿಂದ ಪಾದರಸ ಅದರಲ್ಲಿ ಚದುರಿಹೋಗುತ್ತಿತ್ತು. ಹೊಗೆಯಿಲ್ಲದ ಮದ್ದು ಬಂದ ಮೇಲೆ ಅದು ನೇರ ಹಿತ್ತಾಳೆಗೆ ಇಳಿದು, ಒಳಗಿಂದೊಳಗೇ ಪೆಡಸು ಮಾಡಿತು. ನೋಡಲು ಥಳಥಳ, ಎರಡನೇ ಈಡಿಗೆ ಚೂರು. ಮೇಲೆ ಥಳುಕು ಒಳಗೆ ಹುಳುಕು ಅನ್ನುವುದು ಇದಕ್ಕೇ ಇರಬೇಕು.

ಈಗ ಕಂಪನಿಯ ಪ್ರಶ್ನೆಗೆ ಬರೋಣ. ಅಮೆರಿಕದ ತಯಾರಕರ ಸಂಸ್ಥೆ ಸಾಮಿ ಹುಟ್ಟಿದ್ದು 1926ರಲ್ಲಿ. ಅದು ತೋಟೆಯ ಹೊರ ಅಳತೆಯನ್ನೂ ಗರಿಷ್ಠ ಒತ್ತಡವನ್ನೂ ಗೊತ್ತುಮಾಡುತ್ತೆ. ಎಲ್ಲರ ತೋಟೆಯೂ ಎಲ್ಲರ ಕೋವಿಗೂ ಕೂರಬೇಕಲ್ಲ! ಗೋಡೆ ಎಷ್ಟು ದಪ್ಪ, ತಳ ಎಷ್ಟು ಗಟ್ಟಿ ಅನ್ನುವುದು ಹೆಚ್ಚುಪಾಲು ತಯಾರಕನಿಗೆ ಬಿಟ್ಟದ್ದು. 1952ರಲ್ಲಿ ವಿಂಚೆಸ್ಟರ್ ಮಾರುಕಟ್ಟೆಗೆ ತಂದ .308 ತೋಟೆಯನ್ನೂ, ನೇಟೋ ಸೇನೆಗಳು ಒಪ್ಪಿಕೊಂಡ 7.62 ತೋಟೆಯನ್ನೂ ಪಕ್ಕಪಕ್ಕ ಇಟ್ಟರೆ ಅವಳಿ ಮಕ್ಕಳು. ಆದರೆ ಸೇನೆಯ ಕೊಳವೆಯ ಗೋಡೆ ಸಾಮಾನ್ಯವಾಗಿ ದಪ್ಪ. ಹೊರ ಅಳತೆ ಅಷ್ಟೇ ಇದ್ದು ಗೋಡೆ ದಪ್ಪವಾದರೆ ಒಳಗಿನ ಜಾಗ ಕಡಿಮೆ. ಪಾತ್ರೆ ಚಿಕ್ಕದಾಗಿ ಮದ್ದು ಅಷ್ಟೇ ಇದ್ದರೆ ಒತ್ತಡ ಏರುತ್ತೆ. ಒಂದು ಕಂಪನಿಯ ಹಿತ್ತಾಳೆಯಲ್ಲಿ ನಿರಪಾಯವಾದ ಅಳತೆ ಇನ್ನೊಂದರಲ್ಲಿ ಕೋವಿಯನ್ನೇ ಸಿಡಿಸಬಹುದು. ಕೋವಿ ಇರುವುದು ಕೆನ್ನೆಯ ಪಕ್ಕದಲ್ಲಿ, ಕಣ್ಣಿಗೆ ಒಂದೆರಡು ಗೇಣಿನಷ್ಟು ಹತ್ತಿರದಲ್ಲಿ.

ಅದಕ್ಕೇ ಅನುಭವಸ್ಥರು ಮದ್ದಿನ ಡಬ್ಬಿಗೆ ಕೈ ಹಾಕುವ ಮೊದಲು ಖಾಲಿ ತೋಟೆಗಳನ್ನು ಬೋರಲು ಹಾಕಿ ತಳದ ಅಕ್ಷರ ಓದುತ್ತಾರೆ. ಎಲ್.ಸಿ. ಅಂದರೆ ಲೇಕ್ ಸಿಟಿಯ ಸೇನಾ ಕಾರ್ಖಾನೆ, ಆರ್-ಪಿ ಅಂದರೆ ರೆಮಿಂಗ್ಟನ್, ಎಫ್.ಸಿ. ಅಂದರೆ ಫೆಡರಲ್. ಒಂದೊಂದಕ್ಕೂ ಬೇರೆ ಬೇರೆ ಡಬ್ಬಿ. ಬೇರೆ ಕಂಪನಿಯ ಹಿತ್ತಾಳೆ ಕೈಗೆ ಬಂದರೆ ಮದ್ದಿನ ಅಳತೆಯನ್ನು ಮತ್ತೆ ಕೆಳಗಿನಿಂದ ಶುರುಮಾಡುತ್ತಾರೆ. ನೋಡುವವರಿಗೆ ಅದು ಮಡಿವಂತಿಕೆಯ ಹಾಗೆ ಕಾಣಬಹುದು. ಆದರೆ ಒಳಗಿನದ್ದನ್ನು ತಿಳಿಯಲು ಅವರಿಗೆ ಹೊರಗೆ ಸಿಗುವ ಮೊದಲ ಸುಳಿವು ಅದೊಂದೇ.