ನೆಲನೆಲ್ಲಿ

ನೆಲನೆಲ್ಲಿಯು ಫಿಲ್ಲಾಂಥೇಸಿ ಕುಟುಂಬಕ್ಕೆ ಸೇರಿದ ಏಕವಾರ್ಷಿಕ ಮೂಲಿಕೆ. ಇದರ ವೈಜ್ಞಾನಿಕ ಹೆಸರು ಫಿಲ್ಲಾಂಥಸ್ ಅಮಾರಸ್. ಕಿರುನೆಲ್ಲಿ ಎಂಬ ಹೆಸರೂ ಇದಕ್ಕಿದೆ. ಸಂಸ್ಕೃತದಲ್ಲಿ ಭೂಮ್ಯಾಮಲಕೀ ಎಂದೂ ತಮಿಳಿನಲ್ಲಿ ಕೀಳಾನೆಲ್ಲಿ ಎಂದೂ ಕರೆಯುತ್ತಾರೆ. ಬೆಟ್ಟದ ನೆಲ್ಲಿಯೂ ಫಿಲ್ಲಾಂಥಸ್ ಜಾತಿಗೇ ಸೇರಿದೆ. ಕಾಮಾಲೆಯ ಮನೆಮದ್ದಾಗಿ ಈ ಗಿಡ ಪ್ರಸಿದ್ಧವಾಗಿದೆ.

ಹರಡುವಿಕೆ

ಇದರ ಮೂಲ ಉಷ್ಣವಲಯದ ಅಮೆರಿಕ. ಈಗ ಭಾರತವೂ ಸೇರಿದಂತೆ ಉಷ್ಣವಲಯದ ಎಲ್ಲೆಡೆ ಹೊಲ, ತೋಟ ಮತ್ತು ರಸ್ತೆ ಬದಿಗಳಲ್ಲಿ ಕಳೆಯಾಗಿ ಬೆಳೆಯುತ್ತದೆ. ಮಳೆಗಾಲದಲ್ಲಿ ಹೇರಳವಾಗಿ ಕಾಣಸಿಗುತ್ತದೆ.

ಸಸ್ಯ ಲಕ್ಷಣಗಳು

ಗಿಡವು ಸಾಮಾನ್ಯವಾಗಿ 10ರಿಂದ 60 ಸೆಂ.ಮೀ. ಎತ್ತರಕ್ಕೆ ನೆಟ್ಟಗೆ ಬೆಳೆಯುತ್ತದೆ. ಸಪೂರವಾದ ಕಿರುಕೊಂಬೆಗಳ ಎರಡೂ ಬದಿಗೆ ಸಣ್ಣ ಎಲೆಗಳು ಸಾಲಾಗಿರುವುದರಿಂದ ಪ್ರತಿ ಕೊಂಬೆಯೂ ಒಂದು ಸಂಯುಕ್ತ ಪತ್ರದಂತೆ ತೋರುತ್ತದೆ. ರಾತ್ರಿ ಎಲೆಗಳು ಮಡಚಿಕೊಳ್ಳುತ್ತವೆ. ಗಂಡು ಮತ್ತು ಹೆಣ್ಣು ಹೂಗಳು ಒಂದೇ ಗಿಡದಲ್ಲಿ, ಎಲೆಗಳ ಕಂಕುಳಲ್ಲಿ ಅರಳುತ್ತವೆ. ಹೂವಿನಲ್ಲಿ 5 ಪುಷ್ಪಪತ್ರಗಳಿವೆ. ಸುಮಾರು 2 ಮಿ.ಮೀ. ಅಗಲದ ದುಂಡನೆಯ ಕಾಯಿಗಳು ಕೊಂಬೆಯ ಕೆಳಮುಖಕ್ಕೆ ಪುಟ್ಟ ನೆಲ್ಲಿಕಾಯಿಗಳಂತೆ ತೂಗುತ್ತವೆ. ಪ್ರತಿ ಕಾಯಿಯಲ್ಲಿ 6 ಬೀಜಗಳಿರುತ್ತವೆ. ಇಡೀ ಗಿಡ ಕಹಿ. ಪ್ರಭೇದದ ಹೆಸರಾದ ಅಮಾರಸ್ ಎಂಬ ಲ್ಯಾಟಿನ್ ಪದದ ಅರ್ಥವೂ ಕಹಿ ಎಂದೇ.

ಗುರುತಿಸುವಿಕೆ

ಇದನ್ನು ಹೋಲುವ ಹಲವು ಪ್ರಭೇದಗಳು ಒಟ್ಟಿಗೇ ಬೆಳೆಯುತ್ತವೆ. ಕೆಂಪು ನೆಲನೆಲ್ಲಿಯ (ಫಿಲ್ಲಾಂಥಸ್ ಯುರಿನೇರಿಯಾ) ಕಾಂಡ ಕೆಂಪು ಛಾಯೆಯದು. ಅದರ ಕಾಯಿಗೆ ತೊಟ್ಟು ಇಲ್ಲವೆನ್ನುವಷ್ಟು ಗಿಡ್ಡ, ಮೈ ಒರಟು. ಮಾರುಕಟ್ಟೆಯ ಒಣಗಿದ ಸೊಪ್ಪಿನಲ್ಲಿ ಇಂತಹ ಪ್ರಭೇದಗಳು ಬೆರೆತಿರುವುದುಂಟು. ಹಿಂದೆ ಭಾರತದ ನೆಲನೆಲ್ಲಿಯನ್ನು ಫಿಲ್ಲಾಂಥಸ್ ನಿರೂರಿ ಎಂದು ಕರೆಯುತ್ತಿದ್ದರು. ಅದು ಅಮೆರಿಕದ ಬೇರೊಂದು ಪ್ರಭೇದ. ಆದ್ದರಿಂದ ಹಳೆಯ ಗ್ರಂಥಗಳಲ್ಲಿ ಆ ಹೆಸರಿನಡಿ ಬರುವ ವಿವರಗಳು ಹಲವೊಮ್ಮೆ ಈ ಗಿಡಕ್ಕೆ ಸಂಬಂಧಿಸಿದವು.

ಸಾಂಪ್ರದಾಯಿಕ ಉಪಯೋಗಗಳು

* ಕಾಮಾಲೆಗೆ ಹಸಿ ಗಿಡವನ್ನು ಬೇರುಸಹಿತ ಅರೆದು ಹಾಲು ಅಥವಾ ಮಜ್ಜಿಗೆಯಲ್ಲಿ ಬೆರೆಸಿ ಬರಿಹೊಟ್ಟೆಯಲ್ಲಿ ಕೊಡುವ ರೂಢಿಯಿದೆ.
* ಮೂತ್ರ ಸಂಬಂಧಿ ತೊಂದರೆ, ಜ್ವರ ಮತ್ತು ಭೇದಿಗೆ ಕಷಾಯವನ್ನು ಬಳಸುತ್ತಾರೆ.
* ಹುಣ್ಣು ಮತ್ತು ತುರಿಕೆಗೆ ಎಲೆಯನ್ನು ಅರೆದು ಹಚ್ಚುತ್ತಾರೆ.

ವೈಜ್ಞಾನಿಕ ಅಧ್ಯಯನ

ಗಿಡದಲ್ಲಿ ಫಿಲ್ಲಾಂಥಿನ್ ಮತ್ತು ಹೈಪೋಫಿಲ್ಲಾಂಥಿನ್ ಎಂಬ ಲಿಗ್ನಾನ್‌ಗಳಿವೆ. ಹೆಪಟೈಟಿಸ್ ಬಿ ವೈರಸ್ಸಿನ ವಾಹಕರ ಮೇಲೆ ಮದರಾಸಿನಲ್ಲಿ ನಡೆದ ಪ್ರಯೋಗವೊಂದರ ಫಲಿತಾಂಶ 1988ರಲ್ಲಿ ‘ದ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 30 ದಿನ ಈ ಮೂಲಿಕೆಯನ್ನು ಸೇವಿಸಿದ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಮೇಲ್ಮೈ ಪ್ರತಿಜನಕ ಕಣ್ಮರೆಯಾಗಿತ್ತು. ಹೆಪಟೈಟಿಸ್ ಬಿ ವೈರಸ್ಸನ್ನು ಕಂಡುಹಿಡಿದ ನೊಬೆಲ್ ಪುರಸ್ಕೃತ ಬರೂಕ್ ಬ್ಲಂಬರ್ಗ್ ಈ ಅಧ್ಯಯನದ ಲೇಖಕರಲ್ಲೊಬ್ಬರು. ಆದರೆ ನಂತರ ಬೇರೆಡೆ ನಡೆದ ಪ್ರಯೋಗಗಳಲ್ಲಿ ಇಂತಹ ಫಲ ದೊರೆಯಲಿಲ್ಲ.

ಎಚ್ಚರಿಕೆ

ಕಾಮಾಲೆಯು ಸ್ವತಃ ಒಂದು ರೋಗವಲ್ಲ, ರೋಗಲಕ್ಷಣ. ವೈರಸ್ ಸೋಂಕು, ಪಿತ್ತನಾಳದ ತಡೆ, ಮದ್ಯಪಾನ, ಕೆಲವು ಔಷಧಿಗಳು ಮುಂತಾದ ಬೇರೆಬೇರೆ ಕಾರಣಗಳಿಂದ ಅದು ಬರುತ್ತದೆ. ಹೆಪಟೈಟಿಸ್ ಎ ಸಾಮಾನ್ಯವಾಗಿ ತಾನಾಗಿಯೇ ಗುಣವಾಗುವುದರಿಂದ ಮದ್ದಿನ ಫಲವನ್ನು ಬರಿಯ ಅನುಭವದಿಂದ ನಿರ್ಧರಿಸುವುದು ಕಷ್ಟ. ಪಿತ್ತನಾಳದ ತಡೆಯಂತಹ ಸಂದರ್ಭದಲ್ಲಿ ಮನೆಮದ್ದನ್ನೇ ನಂಬಿ ಕಾಯುವುದು ಅಪಾಯಕಾರಿ. ಆದ್ದರಿಂದ ಮೊದಲು ರಕ್ತಪರೀಕ್ಷೆ ಮತ್ತು ವೈದ್ಯರ ಸಲಹೆ ಅಗತ್ಯ.